ಕುಂಕುಮಕ್ಕೆ ಲೈಸೆನ್ಸ್: ನಮ್ಮ ಹನ್ನೊಂದು ತಿಂಗಳು

ಹೋದ ವಾರ ಲೈಸೆನ್ಸ್ ಕೈಗೆ ಬಂತು. ಸಿಒಎಸ್-8 ಅನ್ನುವ ನಮೂನೆ. ನಮ್ಮ ಘಟಕದ ಹೆಸರು, ವಿಳಾಸ, ಅದರ ಕೆಳಗೆ ‘ಕುಂಕುಮ ಪುಡಿ’ ಅಂತ ಒಂದೇ ಸಾಲು. ಅತ್ತೆ ಅದನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ದೇವರ ಮುಂದೆ ಇಟ್ಟರು. ಆ ಒಂದು ಸಾಲಿಗೆ ಹನ್ನೊಂದು ತಿಂಗಳು ಹಿಡಿಯಿತು.

ಈ ನಡುವೆ ಮನೆಯಲ್ಲೇ ಕುಂಕುಮ, ಕಾಡಿಗೆ ಮಾಡುವ ಎಷ್ಟೋ ಜನ ಫೋನ್ ಮಾಡಿ ಕೇಳಿದ್ದಾರೆ. ‘ಅಕ್ಕಾ, ಏನೇನು ಕಾಗದ ಬೇಕು? ಎಷ್ಟು ಖರ್ಚಾಯ್ತು?’ ಒಬ್ಬೊಬ್ಬರಿಗೂ ಹೇಳುವಾಗ ಒಂದೊಂದು ಬಿಟ್ಟುಹೋಗುತ್ತದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಚಾಮರಾಜನಗರದ ಕಡೆ. ಅರಿಶಿನ ಬೆಳೆಯುವ ಸೀಮೆ. ಅತ್ತೆ ಮದುವೆಯಾಗಿ ಬಂದಾಗಿನಿಂದ ಕುಂಕುಮ ಮಾಡುತ್ತಾರೆ. ಅರಿಶಿನದ ಕೊಂಬನ್ನು ಚೂರು ಮಾಡಿ, ನಿಂಬೆರಸಕ್ಕೆ ಬಿಳಿಗಾರ, ಪಟಿಕ ಸೇರಿಸಿ ಅದರಲ್ಲಿ ನೆನೆಹಾಕಬೇಕು. ಚೂರುಗಳು ನಿಧಾನಕ್ಕೆ ಕೆಂಪಾಗುತ್ತವೆ. ನೆರಳಲ್ಲಿ ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು, ಕೊನೆಗೆ ಒಂಚೂರು ತುಪ್ಪ ಹಾಕಿ ಉಜ್ಜಿದರೆ ಆಯಿತು. ಮೊದಲು ಮನೆಗೆ, ನೆಂಟರಿಗೆ. ಆಮೇಲೆ ಜಾತ್ರೆಗಳಲ್ಲಿ ಪೊಟ್ಟಣ ಕಟ್ಟಿ ಮಾರಿದೆವು. ಹೋದ ದಸರಾ ಹೊತ್ತಿಗೆ ತಿಂಗಳಿಗೆ 40 ಕೆಜಿ ಹೋಗುತ್ತಿತ್ತು.

ಆಗಲೇ ಮೈಸೂರಿನ ಒಬ್ಬ ಅಂಗಡಿಯವರು ದೊಡ್ಡ ಆರ್ಡರ್ ಕೊಡುತ್ತೇನೆ ಅಂದರು. ಡಬ್ಬಿ ತಿರುಗಿಸಿ ನೋಡಿ, ‘ಲೈಸೆನ್ಸ್ ನಂಬರ್ ಎಲ್ಲಮ್ಮಾ?’ ಅಂತ ಕೇಳಿದರು. ‘ಇದು ಪೂಜೆ ಸಾಮಾನಲ್ವಾ ಸರ್, ಇದಕ್ಕೆಂಥ ಲೈಸೆನ್ಸ್?’ ಅಂದೆ. ನಂಬರ್ ಇಲ್ಲದಿದ್ದರೆ ಕಪಾಟಿನಲ್ಲಿ ಇಡಲ್ಲ ಅಂತ ಡಬ್ಬಿ ವಾಪಸ್ ಕೊಟ್ಟರು.

ಮರುವಾರ ಔಷಧ ನಿಯಂತ್ರಣ ಕಚೇರಿ ಹುಡುಕಿಕೊಂಡು ಹೋದೆ. ಔಷಧಕ್ಕೂ ಕುಂಕುಮಕ್ಕೂ ಏನು ಸಂಬಂಧ ಅಂತ ದಾರಿಯುದ್ದಕ್ಕೂ ಯೋಚನೆ. ಅಲ್ಲಿದ್ದ ಅಧಿಕಾರಿ ಮೇಡಂ ಸಮಾಧಾನವಾಗಿ ಹೇಳಿದರು. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಲ್ಲಿ ಎರಡೂ ಒಟ್ಟಿಗೇ ಬರುತ್ತವಂತೆ. ಮೈಗೆ ಹಚ್ಚುವ, ಉಜ್ಜುವ, ಸಿಂಪಡಿಸುವ, ಅಂದ ಹೆಚ್ಚಿಸಲು ಬಳಸುವ ಯಾವುದೇ ವಸ್ತು ಕಾಂತಿವರ್ಧಕವೇ. ‘ನೀವು ಇದನ್ನು ಹಣೆಗೆ ಇಡಿ ಅಂತ ಮಾರ್ತೀರಾ ಇಲ್ವಾ?’ ಅಂದರು. ಮಾರುತ್ತೇವೆ. ಹಾಗಾದರೆ ಲೈಸೆನ್ಸ್ ಬೇಕು.

ಕೆಲವರು ಪೊಟ್ಟಣದ ಮೇಲೆ ‘ಪೂಜೆಗೆ ಮಾತ್ರ’ ಅಂತ ಅಚ್ಚು ಹಾಕಿಸಿ ಬಿಟ್ಟುಬಿಡುತ್ತಾರೆ. ನನಗೂ ಹಾಗೆ ಮಾಡು ಅಂತ ಹೇಳಿದವರಿದ್ದಾರೆ. ದೇವರಿಗೆ ಇಟ್ಟ ಕುಂಕುಮವನ್ನೇ ಅಲ್ವಾ ನಾವು ಹಣೆಗೆ ಇಟ್ಟುಕೊಳ್ಳುವುದು? ಪುಟ್ಟ ಮಕ್ಕಳಿಗೂ ಇಡುವುದು? ಆ ದಾರಿ ನನಗೆ ಬೇಡವಾಗಿತ್ತು.

ಈಗ ನಡೆಯುವುದು 2020ರ ಕಾಸ್ಮೆಟಿಕ್ಸ್ ನಿಯಮಗಳು. ತಯಾರಿಕೆಗೆ ಲೈಸೆನ್ಸ್ ಕೊಡುವುದು ರಾಜ್ಯದವರು. ಅರ್ಜಿ ಸಿಒಎಸ್-5. ಜೊತೆಗೆ ಸಿಒಎಸ್-7, ಅದು ಸ್ವಯಂ ಘೋಷಣೆ. ಬೇರೆಯವರ ಘಟಕದಲ್ಲಿ ನಿಮ್ಮ ಹೆಸರಿನಲ್ಲಿ ಮಾಡಿಸುವುದಾದರೆ ಅದಕ್ಕೆ ಲೋನ್ ಲೈಸೆನ್ಸ್ ಅಂತ ಇದೆ, ಅರ್ಜಿ ಸಿಒಎಸ್-6. ಜಾಗ ಇಲ್ಲದವರು ಮೊದಲು ಅದನ್ನು ವಿಚಾರಿಸಿ. ಶುಲ್ಕದ ಪಟ್ಟಿ ಆ ನಿಯಮಗಳ ಕೊನೆಯಲ್ಲಿ ಸೇರಿಸಿರುವ ಮೂರನೇ ಅನುಸೂಚಿಯಲ್ಲಿದೆ. ಎಷ್ಟು ವಸ್ತುಗಳಿಗೆ ಕೇಳುತ್ತೀರಿ ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿಕೊಂಡು ಹೋಗಿ. ನಾನು ಕುಂಕುಮ, ಕಾಡಿಗೆ ಎರಡಕ್ಕೂ ಹಾಕೋಣ ಅಂತಿದ್ದೆ. ಕಾಡಿಗೆ ಕಣ್ಣಿಗೆ ಹಚ್ಚುವಂಥದ್ದು. ಅದಕ್ಕೆ ಬೇರೆ ಜಾಗ, ಕ್ರಿಮಿಶುದ್ಧಿ ಮಾಡುವ ಬೇರೆ ಉಪಕರಣ ಎಲ್ಲ ಬೇಕು. ಸದ್ಯಕ್ಕೆ ಕುಂಕುಮ ಒಂದೇ ಸಾಕು ಅಂದುಕೊಂಡೆ. ಆ ನಿರ್ಧಾರದಿಂದ ನನಗೆ ಒಳ್ಳೆಯದೇ ಆಯಿತು.

ಮೊದಲ ಅಡ್ಡಿ ಜಾಗದ್ದು. ನಾವು ಮಾಡುತ್ತಿದ್ದದ್ದು ಹಿತ್ತಿಲ ಕೋಣೆಯಲ್ಲಿ. ಅಡುಗೆಮನೆಗೂ ಅದಕ್ಕೂ ಒಂದೇ ಬಾಗಿಲು. ಅದು ಆಗುವುದಿಲ್ಲ ಅಂತ ಮೊದಲ ದಿನವೇ ಗೊತ್ತಾಯಿತು. ಏಳನೇ ಅನುಸೂಚಿಯಲ್ಲಿ ಜಾಗ ಹೇಗಿರಬೇಕು ಅಂತ ಬರೆದಿದೆ. ಹತ್ತಿರ ತೆರೆದ ಚರಂಡಿ, ಸಾರ್ವಜನಿಕ ಶೌಚಾಲಯ ಇರಬಾರದು. ಹೊಗೆ, ಧೂಳು, ಕೆಟ್ಟ ವಾಸನೆ ಬರುವ ಕಾರ್ಖಾನೆ ಪಕ್ಕದಲ್ಲಿರಬಾರದು. ನೆಲ ನುಣುಪಾಗಿ, ತೊಳೆಯುವಂತೆ ಇರಬೇಕು. ಗೋಡೆ ನೆಲದಿಂದ ಆರು ಅಡಿಯವರೆಗೆ ನೀರು ಹೀರದ ಹಾಗೆ ಇರಬೇಕು.

ಇದನ್ನೆಲ್ಲ ಓದುವ ಮೊದಲೇ ನಾನು ತಿಂಗಳಿಗೆ 4,000 ರೂಪಾಯಿಗೆ ಒಂದು ಶೆಡ್ ಹಿಡಿದು, ಮುಂಗಡ ಕೊಟ್ಟು ಆಗಿತ್ತು. ಅದರ ಪಕ್ಕದಲ್ಲೇ ಮೆಣಸಿನಕಾಯಿ, ಹಿಟ್ಟು ಬೀಸುವ ಗಿರಣಿ. ಬಾಗಿಲು ತೆಗೆದರೆ ಸೀನು ಬರುತ್ತಿತ್ತು. ಇದು ತಪಾಸಣೆಯಲ್ಲಿ ನಿಲ್ಲುವುದಿಲ್ಲ ಅಂತ ಅನುಭವ ಇದ್ದ ಒಬ್ಬರು ಹೇಳಿದರು. ಮುಂಗಡದಲ್ಲಿ 12,000 ರೂಪಾಯಿ ವಾಪಸ್ ಬರಲಿಲ್ಲ. ಎರಡನೇ ಶೆಡ್ ಊರ ಹೊರಗೆ, ತೋಟದ ಪಕ್ಕ ಸಿಕ್ಕಿತು. ಬಾಡಿಗೆ 6,000. ನೆಲಕ್ಕೆ, ಆರು ಅಡಿ ಗೋಡೆಗೆ ಟೈಲ್ಸ್, ಕಿಟಕಿಗೆ ಜಾಲರಿ, ಕೈ ತೊಳೆಯುವ ಜಾಗ, ಬಟ್ಟೆ ಬದಲಿಸಲು ಒಂದು ಮೂಲೆ, ಎಲ್ಲಾ ಸೇರಿ 68,000 ಆಯಿತು. ದಯವಿಟ್ಟು ಅನುಸೂಚಿ ಓದಿ ಆಮೇಲೆ ಜಾಗ ಹುಡುಕಿ. ಬಾಡಿಗೆ ಕರಾರು, ಕಟ್ಟಡದ ನಕ್ಷೆ, ಮಾಲೀಕರ ಒಪ್ಪಿಗೆ ಪತ್ರ ಮೂರನ್ನೂ ಒಂದೇ ವಿಳಾಸದಲ್ಲಿ, ಒಂದಕ್ಷರವೂ ವ್ಯತ್ಯಾಸ ಆಗದ ಹಾಗೆ ಮಾಡಿಸಿ. ನಮ್ಮ ಕರಾರಿನಲ್ಲಿ ಸರ್ವೆ ನಂಬರ್‌ನ ಒಂದು ಅಂಕಿ ತಪ್ಪಿತ್ತು. ಅದನ್ನು ತಿದ್ದಿಸಲು ಮೂರು ವಾರ ಹೋಯಿತು.

ತಾಂತ್ರಿಕ ಸಿಬ್ಬಂದಿ ಒಬ್ಬರು ಬೇಕು, ಪೂರ್ಣಾವಧಿ. ಫಾರ್ಮಸಿ ಡಿಪ್ಲೊಮಾ ಆದವರು ಆಗಬಹುದು. ಇಂಟರ್‌ಮೀಡಿಯೆಟ್ ಹಂತದಲ್ಲಿ, ಅಂದರೆ ನಮ್ಮ ಪಿಯುಸಿಯಲ್ಲಿ, ರಸಾಯನಶಾಸ್ತ್ರ ಓದಿದವರಿಗೂ ಅವಕಾಶ ಇದೆ. ನಮ್ಮ ನಾದಿನಿಯ ಮಗಳು ಡಿ.ಫಾರ್ಮ ಮುಗಿಸಿ ಮನೆಯಲ್ಲಿದ್ದಳು. ಅವಳೇ ಬಂದಳು. ಅವಳು ಬರದೇ ಇದ್ದಿದ್ದರೆ ನಾನು ಈ ಕಥೆಯನ್ನು ಅರ್ಧದಲ್ಲೇ ನಿಲ್ಲಿಸುತ್ತಿದ್ದೆ.

ಬಂದ ಮೊದಲ ದಿನವೇ ಅವಳು ನನ್ನನ್ನು ಕೇಳಿದಳು: ‘ಅತ್ತೆ, ಈ ಕೆಂಪು ಪೊಟ್ಟಣ ಏನು?’

ಅದರ ಬಗ್ಗೆ ಮುಚ್ಚಿಡದೆ ಹೇಳಬೇಕು. ಅರಿಶಿನದಿಂದ ಬರುವ ಕೆಂಪು ಸ್ವಲ್ಪ ಮಬ್ಬು. ಜಾತ್ರೆಯಲ್ಲಿ ಜನ ಕಡುಗೆಂಪು ಕೇಳುತ್ತಾರೆ. ಅದಕ್ಕೆ ಎರಡು ವರ್ಷದಿಂದ ಸಂತೆಯಲ್ಲಿ ಬಿಡಿಯಾಗಿ ಸಿಗುವ ಒಂದು ಬಣ್ಣವನ್ನು ಚಿಟಿಕೆಯಷ್ಟು ಸೇರಿಸುತ್ತಿದ್ದೆವು. ಎಲ್ಲರೂ ಹಾಕುತ್ತಾರೆ, ನಾವೂ ಹಾಕಿದೆವು. ಅರ್ಜಿಗೆ ಪ್ರತಿ ಪದಾರ್ಥದ ಹೆಸರು, ಪ್ರಮಾಣ ಕೊಡಬೇಕು. ಬಣ್ಣವಾದರೆ ಅದರ ಸಿಐ ನಂಬರ್ ಬೇಕು. ಅಂದರೆ ಕಲರ್ ಇಂಡೆಕ್ಸ್ ಸಂಖ್ಯೆ. ಜಗತ್ತಿನಲ್ಲಿ ಬಳಕೆಯಲ್ಲಿರುವ ಬಣ್ಣಗಳಿಗೆ ಇಂಥ ಸಂಖ್ಯೆ ಇದೆ. ಅರಿಶಿನದ ಹಳದಿಗೂ ಇದೆ, 75300. ಕಾಂತಿವರ್ಧಕಗಳಲ್ಲಿ ಯಾವ ಬಣ್ಣ ಬಳಸಬಹುದು ಅನ್ನುವ ಪಟ್ಟಿ ಭಾರತೀಯ ಮಾನಕ ಸಂಸ್ಥೆಯಾದ ಬಿಐಎಸ್‌ನ ಐಎಸ್ 4707 ಮಾನಕದ ಮೊದಲ ಭಾಗದಲ್ಲಿದೆ. ಪಟ್ಟಿಯಲ್ಲಿದ್ದರೂ ಕೆಲವನ್ನು ಕಣ್ಣಿನ ಹತ್ತಿರ ಬಳಸುವ ಹಾಗಿಲ್ಲ, ಕೆಲವನ್ನು ತೊಳೆದು ತೆಗೆಯುವ ವಸ್ತುಗಳಲ್ಲಿ ಮಾತ್ರ ಬಳಸಬಹುದು. ಹೆಸರು ಗೊತ್ತಿದ್ದರೆ ಮಾತ್ರ ಇದನ್ನೆಲ್ಲ ನೋಡಲು ಸಾಧ್ಯ.

ಸಂತೆಯ ಅಂಗಡಿಯವನನ್ನು ಹೋಗಿ ಕೇಳಿದೆ. ‘ಕೆಂಪು ಬಣ್ಣ ಅಕ್ಕಾ, ಎಲ್ಲಾದಕ್ಕೂ ಆಗುತ್ತೆ’ ಅಂದ. ಬಟ್ಟೆಗಾ, ಹೋಳಿಗಾ, ತಿನ್ನುವುದಕ್ಕಾ ಅವನಿಗೂ ಗೊತ್ತಿಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಅನ್ನುವ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ನೆನಪಾಯಿತು. ಆ ಸುದ್ದಿ ನೋಡಿ ಮಗಳಿಗೆ ಮಿಠಾಯಿ ಬೇಡ ಅಂದಿದ್ದೆ. ಅದೇ ಮಗಳ ಹಣೆಗೆ ಹೆಸರೇ ಗೊತ್ತಿಲ್ಲದ ಬಣ್ಣ ಇಡುತ್ತಿದ್ದೆನಲ್ಲ ಅಂತ ಹೊಟ್ಟೆ ಉರಿಯಿತು. ಆವತ್ತೇ ಆ ಪೊಟ್ಟಣ ಬಿಟ್ಟೆವು. ಅರಿಶಿನದಿಂದ ಬರುವ ಬಣ್ಣವೇ ಸಾಕು, ಮಾರಾಟ ಕಡಿಮೆಯಾದರೆ ಆಗಲಿ ಅಂತ ತೀರ್ಮಾನ ಮಾಡಿದೆವು. ಬಣ್ಣ ಬೇಕೇ ಬೇಕು ಅನ್ನುವವರು ಸಿಐ ನಂಬರ್, ಬ್ಯಾಚ್ ನಂಬರ್, ಪರೀಕ್ಷಾ ವರದಿ ಮೂರೂ ಕೊಡುವ ಕಂಪನಿಯಿಂದ ಮುಚ್ಚಿದ ಡಬ್ಬದಲ್ಲೇ ಕೊಳ್ಳಿ. ತಿನ್ನುವ ಬಣ್ಣ ಅಂದರೆ ಕಾಂತಿವರ್ಧಕಕ್ಕೂ ಸರಿ ಅಂದುಕೊಳ್ಳಬೇಡಿ. ಎರಡಕ್ಕೂ ಪಟ್ಟಿ ಬೇರೆ ಬೇರೆ.

ಬಣ್ಣ ಬಿಟ್ಟ ಮೇಲೆ ನಮ್ಮ ಕುಂಕುಮ ಅಪ್ಪಟ ಅಂತಲೇ ನಂಬಿದ್ದೆವು. ಹೊಸ ಮಾಲು 100 ಗ್ರಾಂ ತೆಗೆದು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಒಂದು ಪ್ರಯೋಗಾಲಯಕ್ಕೆ ಕಳಿಸಿದೆವು. ಸೀಸ, ಆರ್ಸೆನಿಕ್, ಪಾದರಸ, ಕ್ಯಾಡ್ಮಿಯಂ, ಕ್ರೋಮಿಯಂ ಬೇರೆ ಬೇರೆಯಾಗಿ ನೋಡಿ ಅಂತ ನಾದಿನಿಯ ಮಗಳೇ ಬರೆದಳು. ಒಂದು ಮಾದರಿಗೆ 3,200 ರೂಪಾಯಿ. ಒಂಬತ್ತು ದಿನ ಕಾದೆವು.

ವರದಿ ಮೊಬೈಲ್‌ಗೆ ಬಂದಾಗ ನಾನು ಬಸ್ಸಿನಲ್ಲಿದ್ದೆ. ಸೀಸ 64 ಪಿಪಿಎಂ.

ಪಿಪಿಎಂ ಅಂದರೆ ಒಂದು ಕೆಜಿ ಪುಡಿಯಲ್ಲಿ ಇರುವ ಮಿಲಿಗ್ರಾಂ ಲೆಕ್ಕ. ನಿಯಮದಲ್ಲಿ ಕಾಂತಿವರ್ಧಕಕ್ಕೆ ಬಳಸುವ ಬಣ್ಣಗಳಲ್ಲಿ ಸೀಸ 20, ಆರ್ಸೆನಿಕ್ 2, ಉಳಿದ ಭಾರಲೋಹಗಳೆಲ್ಲ ಸೇರಿ 100 ಪಿಪಿಎಂ ಮೀರಬಾರದು. ಬಣ್ಣಕ್ಕಾಗಿ ಸೀಸದ, ಆರ್ಸೆನಿಕ್‌ನ ಸಂಯುಕ್ತಗಳನ್ನು ಬೇಕೆಂದೇ ಬಳಸುವುದಂತೂ ಪೂರ್ತಿ ನಿಷಿದ್ಧ. ನಮ್ಮದು ಮಿತಿಯ ಮೂರು ಪಟ್ಟಿಗಿಂತ ಜಾಸ್ತಿ. ನಾವು ಏನನ್ನೂ ಬೆರೆಸಿರಲಿಲ್ಲ. ನನ್ನ ಸ್ಟಾಪು ದಾಟಿ ಬಸ್ಸು ಮುಂದೆ ಹೋಗಿದ್ದೂ ಗೊತ್ತಾಗಲಿಲ್ಲ.

ಮನೆಯಲ್ಲಿ ಹೇಳಿದಾಗ ಅತ್ತೆಗೆ ಸಿಟ್ಟು ಬಂತು. ‘ನಲವತ್ತು ವರ್ಷದಿಂದ ಮಾಡ್ತಿದ್ದೀನಿ. ನನ್ನ ಕುಂಕುಮದಲ್ಲಿ ಸೀಸ ಇದೆ ಅಂತಾರಾ?’ ಅಂದರು. ಆ ರಾತ್ರಿ ಊಟ ಮಾಡಲಿಲ್ಲ. ಅವರ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ಒಂದು ಕಾಗದ ಬಂದು ಅವರ ಇಡೀ ಬದುಕಿನ ಕೆಲಸವನ್ನು ವಿಷ ಅಂತ ಕರೆದ ಹಾಗಾಗಿತ್ತು.

ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಒಬ್ಬ ಕೆಮಿಸ್ಟ್ ಫೋನಿನಲ್ಲಿ ಸಿಕ್ಕರು. ಅವರ ಉಪಕಾರ ಮರೆಯುವುದಿಲ್ಲ. ವರದಿಯ ಇನ್ನೊಂದು ಸಾಲು ನೋಡಿ ಅಂದರು. ಕ್ರೋಮಿಯಂ 16. ‘ಸೀಸ ಕ್ರೋಮಿಯಂನ ನಾಲ್ಕು ಪಟ್ಟು ಇದೆಯಲ್ಲ, ಅದು ಲೆಡ್ ಕ್ರೋಮೇಟ್‌ನ ಲೆಕ್ಕಕ್ಕೆ ಸರಿಯಾಗಿ ಕೂರುತ್ತೆ. ನಿಮ್ಮ ಅರಿಶಿನ ಎಲ್ಲಿಂದ ತಂದಿರಿ?’ ಅಂತ ಕೇಳಿದರು.

ಲೆಡ್ ಕ್ರೋಮೇಟ್ ಅಂದರೆ ಗಾಢ ಹಳದಿ ಬಣ್ಣದ ಒಂದು ರಾಸಾಯನಿಕ, ಪೇಂಟಿಗೆ ಬಳಸುವಂಥದ್ದು. ಮಾಸಲು ಅರಿಶಿನ ಕೊಂಬು ಹೊಳೆಯಲಿ ಅಂತ ಪಾಲಿಶ್ ಮಾಡುವಾಗ ಕೆಲವು ಕಡೆ ಇದನ್ನು ಸವರುತ್ತಾರೆ. ಅದರ ತೂಕದಲ್ಲಿ ನೂರಕ್ಕೆ ಸುಮಾರು 64 ಭಾಗ ಸೀಸವೇ. ಅಂದರೆ ಒಂದು ಕೆಜಿಗೆ ಬರೀ 100 ಮಿಲಿಗ್ರಾಂ ಸೇರಿದರೆ ನಮ್ಮ ವರದಿಯಲ್ಲಿದ್ದಷ್ಟು ಸೀಸ ಬಂದುಬಿಡುತ್ತದೆ. ಒಂದು ಚಿಟಿಕೆಗಿಂತ ಕಡಿಮೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ.

ಆಗ ನೆನಪಾಯಿತು. ಹೋದ ವರ್ಷ ಅರಿಶಿನಕ್ಕೆ ಒಳ್ಳೆಯ ಬೆಲೆ ಬಂತು ಅಂತ ನಮ್ಮ ಚಿಕ್ಕಮಾವನವರು ತಮ್ಮ ಬೆಳೆಯನ್ನೆಲ್ಲ ಮಾರಿದ್ದರು. ನಾವು ದಸರಾ ಸೀಸನ್‌ಗೆ ವ್ಯಾಪಾರಿಯ ಹತ್ತಿರ ಪಾಲಿಶ್ ಮಾಡಿದ ಕೊಂಬು ಕೊಂಡಿದ್ದೆವು. ಎಷ್ಟು ಚೆನ್ನಾಗಿ ಹಳದಿ ಇದೆ ನೋಡು ಅಂತ ಅತ್ತೆಯೇ ಆರಿಸಿದ್ದು. ಉಳಿದಿದ್ದ ಅದೇ ಕೊಂಬು, ಬಿಳಿಗಾರ, ಪಟಿಕ, ಹಿತ್ತಾಳೆ ಪಾತ್ರೆಯಲ್ಲಿ ಒಂದು ದಿನ ಇಟ್ಟ ನಿಂಬೆರಸ, ನಾಲ್ಕನ್ನೂ ಬೇರೆ ಬೇರೆ ಕಳಿಸಿದೆವು. ಮತ್ತೆ 12,800 ರೂಪಾಯಿ, ಮತ್ತೆ ಹತ್ತು ದಿನ. ಕೊಂಬಿನಲ್ಲಿ ಸೀಸ 69. ತಿನ್ನುವ ಅರಿಶಿನಕ್ಕೆ ಆಹಾರ ಸುರಕ್ಷತಾ ಮಿತಿಯೇ 10 ಪಿಪಿಎಂ. ಅದೇ ಕೊಂಬನ್ನು ನಾವು ಸಾರಿಗೂ ಹಾಕಿದ್ದೆವು.

ನಿಂಬೆರಸದಲ್ಲೂ ಸ್ವಲ್ಪ ಸೀಸ ಸಿಕ್ಕಿತ್ತು. ಹಿತ್ತಾಳೆಯಲ್ಲಿ ಸೀಸ ಬೆರೆತಿರುವುದು ಸಾಮಾನ್ಯವಂತೆ. ಹುಳಿ ಅದನ್ನು ಎಳೆದುಕೊಳ್ಳುತ್ತದೆ. ಕಲಾಯಿ ಹಾಕಿಸಿದರೂ ಆ ತವರ ಶುದ್ಧವಾಗಿದೆಯೋ ಇಲ್ಲವೋ ನಮಗೆ ತಿಳಿಯುವುದಿಲ್ಲ. ಅದು ಅತ್ತೆಯ ತವರಿನಿಂದ ಬಂದ ಪಾತ್ರೆ. ಅವರೇ ಅದನ್ನು ತೊಳೆದು ಅಟ್ಟದ ಮೇಲೆ ಇಟ್ಟರು. ನಾನು ಸ್ಟೀಲ್ ಪಾತ್ರೆ ತಂದೆ.

ಆಮೇಲಿನ ದಿನಗಳ ಬಗ್ಗೆ ಬರೆಯುವುದು ಕಷ್ಟ. ಸೀಸ ಇಷ್ಟಿದ್ದರೆ ಏನೂ ಆಗಲ್ಲ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ತೊಂದರೆ ಮಾಡುತ್ತದೆ. ಹಣೆಯ ಚರ್ಮದಿಂದ ಒಳಗೆ ಹೋಗುವುದು ಕಡಿಮೆ. ಆದರೆ ಕುಂಕುಮ ಉದುರುತ್ತದೆ, ಮಗು ಹಣೆ ಮುಟ್ಟಿ ಬೆರಳು ಬಾಯಿಗೆ ಇಡುತ್ತದೆ. ಕುಟ್ಟುವವರು ಅದರ ಧೂಳು ಕುಡಿಯುತ್ತಾರೆ. ನಮ್ಮಲ್ಲಿ ಕುಟ್ಟುತ್ತಿದ್ದವರು ಅತ್ತೆ ಮತ್ತು ಇನ್ನಿಬ್ಬರು ಹೆಂಗಸರು. ಅವರ ಪಕ್ಕದಲ್ಲೇ ಕೂತು ಆಡುತ್ತಿದ್ದವಳು ನನ್ನ ಆರು ವರ್ಷದ ಮಗಳು.

ಐವರೂ ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿಕೊಂಡೆವು. ಮಕ್ಕಳಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ 3.5 ಮೈಕ್ರೋಗ್ರಾಂ ದಾಟಿದರೆ ಗಮನ ಕೊಡಬೇಕು ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಿಂದ ಹೇಳುತ್ತಿದೆ. ಡಾಕ್ಟರು ಅದೇ ಲೆಕ್ಕ ಹೇಳಿದರು. ಮಗಳದು 2.1 ಬಂತು. ಅತ್ತೆಯದು ಜಾಸ್ತಿ ಇತ್ತು. ಕುಟ್ಟುವುದನ್ನು ನಿಲ್ಲಿಸಿ, ಅರಿಶಿನ ಬದಲಿಸಿ ಆರು ತಿಂಗಳ ಮೇಲೆ ಮತ್ತೆ ನೋಡಿಸಿದಾಗ ಇಳಿದಿತ್ತು. ರಕ್ತದ ಮೊದಲ ವರದಿ ಬರುವ ತನಕ ಲೈಸೆನ್ಸ್, ಮಾರಾಟ ಯಾವುದೂ ನನಗೆ ಬೇಡವಾಗಿತ್ತು.

ಉಳಿದಿದ್ದ 38 ಕೆಜಿ ಕುಂಕುಮವನ್ನು ಒಂದು ಪೊಟ್ಟಣವೂ ಮಾರದೆ ತೆಗೆದಿಟ್ಟೆವು. ಫೋನ್ ನಂಬರ್ ಇದ್ದ ಗಿರಾಕಿಗಳಿಗೆಲ್ಲ ಕರೆ ಮಾಡಿ, ಬಳಸಬೇಡಿ, ವಾಪಸ್ ಕೊಡಿ, ದುಡ್ಡು ಕೊಡುತ್ತೇವೆ ಅಂದೆ. ಕೆಲವರು ಬೈದರು. ಹೆಚ್ಚಿನವರು ಕೊಟ್ಟರು. ಜಾತ್ರೆಯಲ್ಲಿ ಕೊಂಡವರನ್ನು ಹುಡುಕಲು ಆಗಲಿಲ್ಲ, ಅದು ಇವತ್ತಿಗೂ ಚುಚ್ಚುತ್ತದೆ. ಇಂಥ ಮಾಲನ್ನು ತಿಪ್ಪೆಗೆ, ಕೆರೆಗೆ, ಹೊಳೆಗೆ ಸುರಿಯಬೇಡಿ. ಸೀಸ ಕೊಳೆಯುವುದಿಲ್ಲ, ಅಲ್ಲೇ ಉಳಿಯುತ್ತದೆ. ನಾವು ಮುಚ್ಚಳ ಇರುವ ಡ್ರಮ್ಮಿಗೆ ತುಂಬಿ, ಮೇಲೆ ಬರೆದು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತ ಸಂಸ್ಥೆಗೆ ಹಣ ಕೊಟ್ಟು ಒಪ್ಪಿಸಿದೆವು.

ಅಷ್ಟರಲ್ಲಿ ಫೆಬ್ರವರಿ ಬಂತು, ಅರಿಶಿನ ಕೀಳುವ ಕಾಲ. ಚಿಕ್ಕಮಾವನವರ ಹೊಲದಿಂದಲೇ ಹಸಿ ಅರಿಶಿನ ತಂದೆವು. ನಾವೇ ಬೇಯಿಸಿ, ಒಣಗಿಸಿ, ಪಾಲಿಶ್ ಮಾಡಲು ಬರೀ ತಿರುಗುವ ಡ್ರಮ್ ಬಳಸಿದೆವು, ಏನನ್ನೂ ಸವರಲಿಲ್ಲ. ಕೊಂಬು ಮಾಸಲಾಗಿಯೇ ಇತ್ತು. ಈ ಸಲ ಎಲ್ಲವನ್ನೂ ತೂಕ ಮಾಡಿ ಬರೆದಿಟ್ಟೆವು. ಬಿಳಿಗಾರವನ್ನು ಅತ್ತೆ ಕಣ್ಣಳತೆಯಲ್ಲೇ ಹಾಕುತ್ತಿದ್ದರು. ಅದರಲ್ಲಿ ಬೋರಾನ್ ಇದೆ, ಮಿತಿ ಮೀರುವ ಹಾಗಿಲ್ಲ, ಗ್ರಾಂ ಲೆಕ್ಕದಲ್ಲೇ ಹಾಕಬೇಕು ಅಂತ ನಾದಿನಿಯ ಮಗಳು ಹಟ ಹಿಡಿದಳು. ಪ್ರಮಾಣ ಇಳಿಸಿದೆವು. ಬಣ್ಣ ಒಂಚೂರು ತಿಳಿಯಾಯಿತು.

ಏಪ್ರಿಲ್‌ನಲ್ಲಿ ಹೊಸ ವರದಿ ಬಂತು. ಸೀಸ 0.8. ಆರ್ಸೆನಿಕ್ ಅಳತೆಗೆ ಸಿಗದಷ್ಟು ಕಡಿಮೆ. ಅತ್ತೆ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಪಾಯಸಕ್ಕೆ ಇಟ್ಟರು.

ಪರೀಕ್ಷೆ ಬಗ್ಗೆ ಎರಡು ಮಾತು. ಕೆಲವು ಕಡೆ ವರದಿಯಲ್ಲಿ ‘ಭಾರಲೋಹ: ಪಾಸ್’ ಅಂತ ಬರೆದು ಕೊಡುತ್ತಾರೆ. ಅದನ್ನು ಒಪ್ಪಬೇಡಿ. ಪ್ರತಿ ಲೋಹದ ಅಂಕಿ, ಯಾವ ವಿಧಾನದಲ್ಲಿ ನೋಡಿದರು, ಎಷ್ಟರವರೆಗೆ ಅಳೆಯಲು ಆಗುತ್ತದೆ ಇವು ಇರಲೇಬೇಕು. ನಮಗೆ ಕ್ರೋಮಿಯಂನ ಅಂಕಿ ಸಿಗದಿದ್ದರೆ ಕಾರಣವೇ ತಿಳಿಯುತ್ತಿರಲಿಲ್ಲ. ಮತ್ತೆ, ಶೆಡ್ಡಿಗೆ ಟೈಲ್ಸ್ ಹಾಕಿಸುವ ಮೊದಲೇ ಕಚ್ಚಾ ಮಾಲನ್ನು ಪರೀಕ್ಷೆಗೆ ಕೊಡಿ. ನಾನು ಉಲ್ಟಾ ಮಾಡಿದೆ. ಬಾಗಿಲು ಹಾಕಿದ ಶೆಡ್ಡಿಗೆ ನಾಲ್ಕು ತಿಂಗಳು ಬಾಡಿಗೆ ಕಟ್ಟಿದೆ.

ಮೇನಲ್ಲಿ ಆನ್‌ಲೈನ್ ಅರ್ಜಿ ಹಾಕಿದೆವು. ನಕ್ಷೆಯ ಫೈಲು ದೊಡ್ಡದಾಯಿತು ಅಂತ ಎರಡು ಸಲ ವಾಪಸ್ ಬಂತು. ಅದೆಲ್ಲ ಸಣ್ಣದು. ಸಿಒಎಸ್-7ಕ್ಕೆ ಸಹಿ ಹಾಕುವಾಗ ಮಾತ್ರ ಕೈ ನಿಂತಿತು. ನಮ್ಮ ಘಟಕ, ನಮ್ಮ ವಸ್ತು ನಿಯಮದ ಪ್ರಕಾರ ಇದೆ ಅಂತ ನಾವೇ ಬರೆದುಕೊಡುವ ಕಾಗದ ಅದು. ನವೆಂಬರ್‌ನಲ್ಲೇ ಅರ್ಜಿ ಹಾಕಿದ್ದರೆ, 64 ಪಿಪಿಎಂ ಸೀಸ ಇಟ್ಟುಕೊಂಡು, ಏನೂ ಗೊತ್ತಿಲ್ಲದೆ, ಇದೇ ಕಾಗದಕ್ಕೆ ಧೈರ್ಯವಾಗಿ ಸಹಿ ಹಾಕಿರುತ್ತಿದ್ದೆ.

ಜುಲೈನಲ್ಲಿ ತಪಾಸಣೆಗೆ ಇಬ್ಬರು ಬಂದರು. ಮೂರು ಗಂಟೆ ಇದ್ದರು. ನಾನು ಹೆದರಿದ್ದೆ. ಆದರೆ ಅವರು ಕೇಳಿದ್ದೆಲ್ಲ ನ್ಯಾಯವಾಗಿಯೇ ಇತ್ತು. ಈ ಡಬ್ಬದ ಅರಿಶಿನ ಯಾವ ಹೊಲದ್ದು, ಯಾವ ದಿನ ಬಂತು, ಯಾವ ಬ್ಯಾಚಿಗೆ ಹೋಯಿತು? ತಕ್ಕಡಿಗೆ ಮುದ್ರೆ ಹಾಕಿಸಿದ್ದೀರಾ? ಕೆಲಸದವರ ಆರೋಗ್ಯ ತಪಾಸಣೆ ಆಗಿದೆಯಾ? ನೀರು ಎಲ್ಲಿಯದು? ಪ್ರತಿ ಬ್ಯಾಚಿನ ಮಾದರಿ ತೆಗೆದಿಟ್ಟಿದ್ದೀರಾ? ಫೇಲ್ ಆದ ಹಳೆಯ ವರದಿಯನ್ನೂ ಫೈಲಿನಲ್ಲಿ ಇಟ್ಟಿದ್ದೆ. ತೆಗೆದುಬಿಡು ಅಂತ ಒಬ್ಬರು ಸಲಹೆ ಕೊಟ್ಟಿದ್ದರು. ನಾನು ತೆಗೆಯಲಿಲ್ಲ. ತಪಾಸಕರು ಅದನ್ನು ಓದಿ, ಆಮೇಲೆ ಏನು ಮಾಡಿದಿರಿ ಅಂತ ಕೇಳಿದರು. ಡ್ರಮ್ ಒಪ್ಪಿಸಿದ ರಸೀದಿ ತೋರಿಸಿದೆ. ‘ಇದನ್ನ ಹೀಗೇ ಇಟ್ಕೊಳ್ಳಿ ಅಮ್ಮಾ’ ಅಂದರು.

ಆದರೂ ಮೂರು ಆಕ್ಷೇಪ ಬರೆದರು. ಕುಟ್ಟುವ ಜಾಗಕ್ಕೂ ಪ್ಯಾಕಿಂಗ್ ಜಾಗಕ್ಕೂ ನಡುವೆ ತಡೆ ಇರಲಿಲ್ಲ. ಕುಟ್ಟುವಲ್ಲಿ ಧೂಳು ಎಳೆಯುವ ಫ್ಯಾನ್ ಇರಲಿಲ್ಲ. ಒಣಗಿಸುವ ಬಿದಿರಿನ ಮೊರಗಳನ್ನು ತೊಳೆಯಲು ಆಗುವುದಿಲ್ಲ, ಸ್ಟೀಲ್ ತಟ್ಟೆ ಬೇಕು. ಇದಕ್ಕೆ 31,000 ಆಯಿತು. ಆಗಸ್ಟ್ ಕೊನೆಗೆ ಫೋಟೋ, ಬಿಲ್ಲು ಸಮೇತ ಉತ್ತರ ಕೊಟ್ಟೆವು. ಸೆಪ್ಟೆಂಬರ್‌ನಲ್ಲಿ ಲೈಸೆನ್ಸ್ ಬಂತು.

ಲೇಬಲ್ ವಿಷಯದಲ್ಲಿ ಆತುರ ಬೇಡ. ನಾನು ಮೊದಲೇ 5,000 ಲೇಬಲ್ ಅಚ್ಚು ಹಾಕಿಸಿ ಕಳೆದುಕೊಂಡೆ. ಲೈಸೆನ್ಸ್ ನಂಬರ್ ಬಂದ ಮೇಲೆಯೇ ಅಚ್ಚಿಗೆ ಕೊಡಿ. ವಸ್ತುವಿನ ಹೆಸರು, ತಯಾರಕರ ಹೆಸರು, ಪೂರ್ತಿ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ತೂಕ, ಯಾವಾಗಿನವರೆಗೆ ಬಳಸಬಹುದು ಎಲ್ಲ ಇರಬೇಕು. ಪದಾರ್ಥಗಳ ಪಟ್ಟಿಯಲ್ಲಿ ಶೇಕಡ ಒಂದಕ್ಕಿಂತ ಹೆಚ್ಚಿರುವುದನ್ನು ಜಾಸ್ತಿಯಿಂದ ಕಡಿಮೆಗೆ ಬರೆಯಬೇಕು, ಉಳಿದದ್ದು ಆಮೇಲೆ. ಬೆಲೆ ಮತ್ತು ತೂಕದ ವಿಷಯಕ್ಕೆ ತೂಕ-ಅಳತೆ ಇಲಾಖೆಯ ನಿಯಮವೂ ಇದೆ, ಅದನ್ನೂ ನೋಡಿ. ಲೈಸೆನ್ಸ್‌ಗೆ ಮುಕ್ತಾಯದ ದಿನ ಅಂತ ಇಲ್ಲ. ಆದರೆ ಐದು ವರ್ಷ ತುಂಬುವ ಮೊದಲು ಅದನ್ನು ಉಳಿಸಿಕೊಳ್ಳುವ ಶುಲ್ಕ ಕಟ್ಟಬೇಕು. ನಮ್ಮ ಕ್ಯಾಲೆಂಡರ್‌ನಲ್ಲಿ ಈಗಲೇ ಬರೆದಿದ್ದೇನೆ.

ಸರ್ಕಾರಿ ಶುಲ್ಕ ಬಿಟ್ಟು ನಮಗೆ ಒಟ್ಟು ಎರಡು ಲಕ್ಷದ ಹತ್ತಿರ ಖರ್ಚಾಯಿತು. ಅದರಲ್ಲಿ ಪರೀಕ್ಷೆಗಳಿಗೆ ಹೋದದ್ದು 20,000ಕ್ಕೂ ಕಡಿಮೆ. ದುಡ್ಡಿಲ್ಲ ಅಂತ ಜನ ಮೊದಲು ಬಿಡುವುದು ಆ ಪರೀಕ್ಷೆಯನ್ನೇ.

ಲೈಸೆನ್ಸ್ ಬಂದ ಮೇಲಿನ ಮೊದಲ ಬ್ಯಾಚ್ 22 ಕೆಜಿ. ಪ್ರತಿ ಬ್ಯಾಚನ್ನೂ ಪರೀಕ್ಷೆ ಮಾಡಿಸಬೇಕು. ಮಾದರಿ ನಿನ್ನೆ ಪ್ರಯೋಗಾಲಯಕ್ಕೆ ಹೋಗಿದೆ. ಮೈಸೂರಿನ ಅಂಗಡಿಯವರು ಎರಡು ಸಲ ಫೋನ್ ಮಾಡಿದರು, ಹಬ್ಬ ಹತ್ತಿರ ಬಂತಲ್ಲ. ಅತ್ತೆಯೇ ಫೋನ್ ತೆಗೆದುಕೊಂಡು, ‘ವರದಿ ಬರಲಿ ಸ್ವಾಮಿ, ಆಮೇಲೆ ಕಳಿಸ್ತೀವಿ’ ಅಂದರು. ಡಬ್ಬಿಗಳು ಸದ್ಯಕ್ಕೆ ಶೆಡ್ಡಿನ ರ‍್ಯಾಕಿನಲ್ಲೇ ಇವೆ.